ಆರು ಡಬ್ಬಿಗಳಲ್ಲಿದ್ದ ಧ್ವನಿ

ನಮ್ಮ ಮನೆಯಲ್ಲಿ ಚಿಕ್ಕಮ್ಮನ ಮೂಗಿನ ಎದುರು ಯಾವ ಗುಟ್ಟೂ ಉಳಿಯುತ್ತಿರಲಿಲ್ಲ. ಹಾಲು ಒಡೆಯುವುದು ಅವಳಿಗೆ ಒಂದು ಗಂಟೆ ಮೊದಲೇ ಗೊತ್ತಾಗುತ್ತಿತ್ತು. ನಾನು ಶಾಲೆಯಿಂದ ಬಂದು ಇನ್ನೂ ಚೀಲ ಇಳಿಸಿರುತ್ತಿರಲಿಲ್ಲ, "ಇವತ್ತು ಪಕ್ಕದಲ್ಲಿ ಕೂತಿದ್ದವಳ ಮನೇಲಿ ಬೆಕ್ಕಿದೆ" ಎನ್ನುತ್ತಿದ್ದಳು. ಕಾಲೇಜಿನಲ್ಲಿ ಒಂದೇ ಒಂದು ಸಲ ಸಿಗರೇಟಿನ ರುಚಿ ನೋಡಿದೆ. ಸೋಪು ಹಾಕಿ ಮುಖ ತೊಳೆದು, ಬಸ್ಸಿನ ಕಿಟಕಿಯ ಗಾಳಿಗೆ ಕೂದಲು ಒಡ್ಡಿ, ಎರಡು ಪೆಪ್ಪರ್‌ಮೆಂಟು ಜಗಿದು ಮನೆ ಸೇರಿದೆ. ಬಾಗಿಲು ತೆಗೆದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪೆಪ್ಪರ್‌ಮೆಂಟು ಯಾಕೆ ತಿಂದೆ ಅಂತ ನಾನು ಕೇಳಲ್ಲ" ಎಂದಳು. ನನ್ನ ಧೂಮಪಾನ ಅಲ್ಲಿಗೆ ಮುಗಿಯಿತು.

ಆ ಮೂಗೇ ನಮ್ಮಿಬ್ಬರಿಗೂ ಅನ್ನ ಹಾಕಿದ್ದು. ಹಳೆಯ ಸಿನಿಮಾ ರೀಲುಗಳನ್ನು ಕಾಪಾಡಿಡುವ ಸರ್ಕಾರಿ ಭಂಡಾರವೊಂದರಲ್ಲಿ ಚಿಕ್ಕಮ್ಮ ಮೂವತ್ತೊಂದು ವರ್ಷ ರೀಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ನೆಲಮಾಳಿಗೆಯಲ್ಲಿ ಉದ್ದನೆಯ ತಣ್ಣನೆಯ ಕೋಣೆ, ಗೋಡೆಯಿಂದ ಗೋಡೆಗೆ ಕಬ್ಬಿಣದ ಕಪಾಟು, ಕಪಾಟಿನ ತುಂಬ ತಟ್ಟೆಯಂತಹ ದುಂಡು ಡಬ್ಬಿಗಳು. ಹೊರಗೆ ಜನ ಬಿಸಿಲಿಗೆ ಬೆಂದು ಹೋಗುತ್ತಿದ್ದರೆ ಇವಳು ಸ್ವೆಟರ್ ಹಾಕಿಕೊಂಡು ಕೆಲಸಕ್ಕೆ ಹೊರಡುತ್ತಿದ್ದಳು. ಬಸ್ಸಿನಲ್ಲಿ ನೋಡಿದವರು ಇವಳಿಗೇನೋ ಜ್ವರ ಎಂದುಕೊಂಡು ಸೀಟು ಬಿಟ್ಟುಕೊಡುತ್ತಿದ್ದರು. ಅವಳು ಒಂದು ದಿನವೂ ಬೇಡ ಎನ್ನಲಿಲ್ಲ.

ಕೆಲಸ ಇಷ್ಟೇ. ಡಬ್ಬಿಯ ಮುಚ್ಚಳ ತೆಗೆಯಬೇಕು, ಮೂಸಬೇಕು. ಕೈಗೆ ಬಿಳಿ ಹತ್ತಿಯ ಗವುಸು ಹಾಕಿ, ರೀಲನ್ನು ಸುತ್ತುವ ಮೇಜಿನ ಮೇಲಿಟ್ಟು, ಕೆಳಗಿನಿಂದ ದೀಪ ಹಚ್ಚಿ, ಒಂದು ಕೈಯಲ್ಲಿ ಹಿಡಿಕೆ ತಿರುಗಿಸುತ್ತ ಇನ್ನೊಂದು ಕೈಯ ಬೆರಳುಗಳ ನಡುವೆ ಫಿಲ್ಮು ಹರಿಯಲು ಬಿಡಬೇಕು. ಹರಿದಲ್ಲಿ ಅಂಟಿಸಬೇಕು, ಧೂಳಿದ್ದಲ್ಲಿ ಒರೆಸಬೇಕು. ಕೊನೆಗೆ ಚೀಟಿಯ ಮೇಲೆ ಒಂದರಿಂದ ನಾಲ್ಕರವರೆಗೆ ಒಂದು ಅಂಕಿ ಬರೆದು ಸಹಿ ಹಾಕಬೇಕು. ಒಂದು ಎಂದರೆ ಆರೋಗ್ಯ. ನಾಲ್ಕು ಎಂದರೆ ಕಥೆ ಮುಗಿಯಿತು.

ಮೂಸುವುದು ಯಾಕೆಂದರೆ, ಆ ಕಾಲದ ಫಿಲ್ಮಿಗೆ ಬರುವ ರೋಗವೇ ಹಾಗೆ. ವಯಸ್ಸಾಗುತ್ತ ಅದರೊಳಗಿಂದಲೇ ಒಂದು ಹುಳಿ ಹುಟ್ಟುತ್ತದೆ. ವಿನೆಗರಿನ ವಾಸನೆ ಬರುತ್ತದೆ, ಆಮೇಲೆ ಫಿಲ್ಮು ಕುಗ್ಗುತ್ತದೆ, ಮುರುಟುತ್ತದೆ, ಕೊನೆಗೆ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ. ಸಾಲದ್ದಕ್ಕೆ ಆ ಹುಳಿ ಗಾಳಿಯಲ್ಲಿ ಹರಡಿ ಪಕ್ಕದ ಡಬ್ಬಿಗೂ ತಗಲುತ್ತದೆ. ಆದ್ದರಿಂದ ನಾಲ್ಕು ಬಿದ್ದ ರೀಲನ್ನು ಭಂಡಾರದಲ್ಲಿ ಇಟ್ಟುಕೊಳ್ಳುವಂತಿಲ್ಲ, ನೀಲಿ ಪೀಪಾಯಿಗೆ ಹಾಕಿ ನಾಶಕ್ಕೆ ಕಳಿಸಬೇಕು. ರೋಗ ಕಂಡುಹಿಡಿಯಲು ಸಣ್ಣ ನೀಲಿ ಕಾಗದದ ಚೂರುಗಳೂ ಇವೆ. ಡಬ್ಬಿಯೊಳಗೆ ಇಟ್ಟರೆ ಹುಳಿಗೆ ಬಣ್ಣ ತಿರುಗಿ ಹಸಿರಾಗುತ್ತವೆ, ಹಳದಿಯಾಗುತ್ತವೆ. ಚಿಕ್ಕಮ್ಮನಿಗೆ ಆ ಕಾಗದ ಕಂಡರೆ ತಾತ್ಸಾರ. "ಅದಕ್ಕೆ ಒಂದು ದಿನ ಬೇಕು, ನಂಗೆ ಒಂದು ಉಸಿರು ಸಾಕು" ಎನ್ನುತ್ತಿದ್ದಳು. ಆಫೀಸಿನಲ್ಲಿ ಎಲ್ಲರೂ ಅವಳನ್ನು ವಿನೆಗರ್ ಮೇಡಂ ಎಂದೇ ಕರೆಯುತ್ತಿದ್ದರು, ಎದುರಿಗೂ ಹಾಗೆಯೇ.

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಅವಳನ್ನು ಹುಡುಕಿಕೊಂಡು ಬಂದಿದ್ದರಂತೆ. ಅವರ ತಂದೆ ಜೀವಮಾನದಲ್ಲಿ ತೆಗೆದದ್ದು ಒಂದೇ ಸಿನಿಮಾ, ಅದಕ್ಕೆ ಇವಳು ನಾಲ್ಕು ಬರೆದಿದ್ದಳು. ಮೂರು ಅಂತ ಬರೆಯಿರಿ ತಾಯಿ, ನಾನಿರುವ ತನಕ ಅದು ಕಪಾಟಿನಲ್ಲಿದ್ದರೆ ಸಾಕು ಎಂದು ಅವರು ಕೈ ಮುಗಿದರು. ರಾತ್ರಿ ಊಟಕ್ಕೆ ಕುಳಿತಾಗ ಚಿಕ್ಕಮ್ಮ ನನಗೆ ಹೇಳಿದಳು, "ನಾನು ಮೂರು ಅಂತ ಬರೆದ್ರೆ ಅದು ಮೂರಾಗಲ್ಲ ಸಾರ್ ಅಂದೆ. ಪಾಪ, ಎದ್ದು ಹೋದ್ರು." ಅವಳ ದನಿಯಲ್ಲಿ ಮರುಕ ಇತ್ತು, ಅದಕ್ಕಿಂತ ಒಂದು ತೂಕ ಹೆಚ್ಚು ಹೆಮ್ಮೆಯೂ ಇತ್ತು. ಆಗ ನನಗೂ ಹೆಮ್ಮೆಯೇ ಆಗಿತ್ತು.

ಇನ್ನು ನನ್ನ ಅಮ್ಮನ ವಿಷಯ. ಅಮ್ಮ ಚಿಕ್ಕಮ್ಮನಿಗೆ ಸ್ವಂತ ಅಕ್ಕ. ನನಗೆ ಹದಿನಾಲ್ಕು ತಿಂಗಳಾಗಿದ್ದಾಗ ಮೂರು ದಿನದ ಜ್ವರದಲ್ಲಿ ಹೋದಳು. ಅಪ್ಪ ಇನ್ನೊಂದು ಮದುವೆಯಾಗಿ ಇನ್ನೊಂದು ಊರಿನಲ್ಲಿ ಚೆನ್ನಾಗಿದ್ದಾನೆ, ಅವನ ಮೇಲೆ ನನಗೆ ದೂರಿಲ್ಲ. ಒಮ್ಮೆ ಫೋನಿನಲ್ಲಿ, ಅಮ್ಮನ ಧ್ವನಿ ಹೇಗಿತ್ತು ಎಂದು ಕೇಳಿದ್ದೆ. ತುಂಬ ಹೊತ್ತು ಯೋಚಿಸಿ, "ಚೆನ್ನಾಗಿತ್ತು" ಎಂದ. ಫೋನು ಇಟ್ಟ ಮೇಲೆ ನಾನು ಒಂದು ಲೋಟ ಒಡೆದೆ, ಬೇಕೆಂದೇ.

ಅಮ್ಮನ ಹನ್ನೊಂದು ಫೋಟೋಗಳಿವೆ. ಹನ್ನೊಂದರಲ್ಲೂ ಬಾಯಿ ಮುಚ್ಚಿಕೊಂಡಿದ್ದಾಳೆ. ಆದರೆ ಅವಳು ಸಣ್ಣ ಶಾಲೆಯೊಂದರಲ್ಲಿ ಪಾಠ ಹೇಳುತ್ತಲೇ, ಹೊರಗಿನ ಸಿನಿಮಾಗಳನ್ನು ನಮ್ಮ ಭಾಷೆಗೆ ತರುವವರ ಹತ್ತಿರ ಧ್ವನಿ ಕೊಡಲು ಹೋಗುತ್ತಿದ್ದಳು. ಎರಡು ಸಿನಿಮಾಗಳಲ್ಲಿ ಗುಂಪಿನ ಗಲಾಟೆಗೆ ದನಿ ಸೇರಿಸಿದ್ದಳಷ್ಟೆ. ಮೂರನೆಯದರಲ್ಲಿ ನಾಯಕಿಯ ಮಾತು ಪೂರ್ತಿ ಅವಳದೇ. ಆ ಸಿನಿಮಾ ಎರಡು ವಾರ ಓಡಿ ಮಲಗಿತು. ನಮ್ಮ ಭಾಷೆಯಲ್ಲಿ ಅದರ ಒಂದೇ ಒಂದು ಪ್ರತಿ ಉಳಿದಿತ್ತು. ಆರು ಡಬ್ಬಿ, ಚಿಕ್ಕಮ್ಮನ ಭಂಡಾರದಲ್ಲಿ, ಮೂಲೆಯ ಕಪಾಟಿನ ಕೆಳಗಿನ ಸಾಲಿನಲ್ಲಿ. ಲೋಕದಲ್ಲಿ ನನ್ನ ಅಮ್ಮನ ಧ್ವನಿ ಇದ್ದದ್ದು ಆ ಆರು ಡಬ್ಬಿಗಳಲ್ಲಿ ಮಾತ್ರ.

ಅದೂ ಎಂಥ ಸಿನಿಮಾ! ದೆವ್ವದ್ದು. ನೂರು ವರ್ಷ ಹಳೆಯ ಒಂದು ಭಯದ ಕಾದಂಬರಿಯನ್ನು ಮೂರು ಸಲ ಸಿನಿಮಾ ಮಾಡಿದ್ದಾರೆ. ಭಂಡಾರದವರು ಅವುಗಳನ್ನು ಮಹಡಿ ಒಂದು, ಮಹಡಿ ಎರಡು, ಮಹಡಿ ಮೂರು ಎನ್ನುತ್ತಿದ್ದರು, ನಾನೂ ಹಾಗೆಯೇ ಹೇಳುತ್ತೇನೆ. ಕಥೆ ಹೀಗೆ. ಒಂಟಿ ದೊಡ್ಡ ಮನೆಯೊಂದಕ್ಕೆ ಹೊಸ ಸೊಸೆ ಬರುತ್ತಾಳೆ. ಮಹಡಿಯ ಮೇಲೆ ಬೀಗ ಹಾಕಿದ ಕೋಣೆಯಲ್ಲಿ ಅತ್ತೆ ಇದ್ದಾಳೆ. ಸತ್ತು ಮೂವತ್ತು ವರ್ಷವಾಗಿದೆ, ಆದರೆ ಮನೆಯವರು ಯಾರಾದರೂ ದಿನಕ್ಕೊಂದು ಸಲ ಬಾಗಿಲ ಬಳಿ ನಿಂತು ಕರೆದರೆ ಸಾಕು, ಅತ್ತೆ ಹೋಗುವುದಿಲ್ಲ. ಕರೆಯುವ ಕೆಲಸ ಈಗ ಸೊಸೆಯ ಪಾಲಿಗೆ ಬರುತ್ತದೆ. ಇದಕ್ಕಿಂತ ಭಯದ ಕಥೆ ಬೇಕಿಲ್ಲ ಎಂದು ನನ್ನ ಮದುವೆಯಾದ ಗೆಳತಿಯರೆಲ್ಲ ಹೇಳುತ್ತಾರೆ.

ಮಹಡಿ ಒಂದು ಕಪ್ಪು ಬಿಳುಪು. ಅದರಲ್ಲಿ ಅತ್ತೆಯನ್ನು ತೋರಿಸುವುದೇ ಇಲ್ಲ. ಬಾಗಿಲ ಸಂದಿಯಲ್ಲಿ ಒಂದು ಕುರ್ಚಿಯ ನೆರಳು, ಅಷ್ಟೆ. ಒಂದು ಸಲ ಆ ನೆರಳು ಇರುವುದಿಲ್ಲ, ಆಗ ನಾನು ಪಕ್ಕದವಳ ತೋಳು ಹಿಡಿದುಕೊಂಡಿದ್ದೆ. ಮಹಡಿ ಮೂರು ಮೊನ್ನೆ ಮೊನ್ನೆ ಬಂದದ್ದು. ಅದರಲ್ಲಿ ಅತ್ತೆ ಹಲ್ಲಿಯಂತೆ ಗೋಡೆ ಹತ್ತುತ್ತಾಳೆ, ಕಿವಿ ಹರಿಯುವ ಹಾಗೆ ಸಂಗೀತ, ಕೊನೆಯಲ್ಲಿ ಮನೆಗೆ ಬೆಂಕಿ. ಏನೂ ತೋಚದಿದ್ದರೆ ಬೆಂಕಿ ಹಚ್ಚುವುದು ಸಿನಿಮಾದವರ ಹಳೇ ಚಾಳಿ. ನನಗೆ ಹೆದರಿಕೆ ಆಗಲಿಲ್ಲ, ತಲೆನೋವು ಬಂತು. ನಡುವಿನ ಮಹಡಿ ಎರಡನ್ನು ಕಂಡರೆ ಸಿನಿಮಾ ತಿಳಿದವರೆಲ್ಲ ನಗುತ್ತಾರೆ. ಕೆಂಪು ನೀಲಿ ದೀಪ, ಹೊಗೆ, ಗಾಳಿಗೆ ಹಾರುವ ಪರದೆ, ಮಾತೆತ್ತಿದರೆ ಸೊಸೆ ಕಿರುಚುತ್ತಾಳೆ. ಅಮ್ಮ ಧ್ವನಿ ಕೊಟ್ಟದ್ದು ಆ ಸೊಸೆಗೆ.

ಧ್ವನಿ ಕೊಡುವಾಗ ಅಮ್ಮನಿಗೆ ಏಳು ತಿಂಗಳು, ಹೊಟ್ಟೆಯಲ್ಲಿ ನಾನು. ಇಪ್ಪತ್ತಮೂರು ಸಲ ಕಿರುಚಬೇಕಿತ್ತಂತೆ. ಮೈಕಿನ ಹಿಂದೆ ಕೂತಿದ್ದ ಧ್ವನಿ ತಂತ್ರಜ್ಞ ನಡುಗಿ, "ಅಮ್ಮಾ, ಸ್ವಲ್ಪ ಮೆಲ್ಲಗೆ ಕಿರುಚಿ, ನಮಗೆ ಇಲ್ಲೇನಾದ್ರೂ ಹೆಚ್ಚು ಕಮ್ಮಿ ಆದ್ರೆ ಕಷ್ಟ" ಎಂದಿದ್ದನಂತೆ. ಚಿಕ್ಕಮ್ಮ ಜೊತೆಗೆ ಹೋಗಿ ನೀರಿನ ಬಾಟಲಿ ಹಿಡಿದು ಕೂರುತ್ತಿದ್ದಳು. ಸಿನಿಮಾ ತೆರೆಗೆ ಬಂದಾಗ ಹನ್ನೊಂದು ಸಲ ನೋಡಿದ್ದಳು. ಹೊಟ್ಟೆಯೊಳಗಿದ್ದ ನಾನೂ ಅಮ್ಮನ ಕೂಗನ್ನೆಲ್ಲ ತೀರಾ ಹತ್ತಿರದಿಂದ ಕೇಳಿದವಳು. ನೆನಪು ಮಾತ್ರ ಇಲ್ಲ.

ನನಗೆ ಹತ್ತು ವರ್ಷವಾದಾಗ ಹಠ ಹಿಡಿದೆ, ಅಮ್ಮನ ಧ್ವನಿ ಕೇಳಿಸು ಎಂದು. ಚಿಕ್ಕಮ್ಮ ಒಂದು ದಿನ ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದಳು. ಸುತ್ತುವ ಮೇಜಿನಲ್ಲಿ ಚಿತ್ರ ಕಾಣುತ್ತದೆ, ಶಬ್ದ ಬರುವುದಿಲ್ಲ. ಅವಳು ದೀಪದ ಮೇಲೆ ಫಿಲ್ಮು ಹಿಡಿದು, ಭೂತಗನ್ನಡಿ ಕೊಟ್ಟು, ಚಿತ್ರದ ಪಕ್ಕ ಅಂಚಿನಲ್ಲಿ ಹರಿಯುತ್ತಿದ್ದ ಒಂದು ಗೆರೆ ತೋರಿಸಿದಳು. ಕಡ್ಡಿಯಷ್ಟು ಸಣ್ಣ ಗೆರೆ, ಒಂದೆಡೆ ಅಗಲ, ಒಂದೆಡೆ ತೆಳು, ಎರಡೂ ಬದಿ ಹಲ್ಲು ಹಲ್ಲು.

"ಇದೇ ನಿಮ್ಮಮ್ಮ" ಎಂದಳು.

"ಏನಂತಿದಾಳೆ?"

"ಅತ್ತೆಮ್ಮಾ ಅಂತಿದಾಳೆ."

"ನಿಂಗೆ ಹೆಂಗೆ ಗೊತ್ತು? ಗೆರೆ ಓದಕ್ಕೆ ಬರತ್ತಾ?"

"ಬಾಗಿಲ ಹತ್ರ ನಿಂತಿದಾಳಲ್ಲ, ಇನ್ನೇನು ಅಂತಾಳೆ?"

ನಾನು ಕಣ್ಣು ನೋಯುವ ತನಕ ಆ ಗೆರೆ ನೋಡಿದೆ. ಈಗ ನಾನು ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವವಳು, ದಿನವಿಡೀ ಅಕ್ಷರ ತೋರಿಸಿ ಏನು ಕಾಣುತ್ತದೆ ಎಂದು ಕೇಳುತ್ತೇನೆ. ಕಾಣುವುದನ್ನು ಓದಲಾಗದ ಸಂಕಟ ನನಗೆ ಅಂದೇ ಗೊತ್ತಾಯಿತು.

ಭಂಡಾರದ ಮೇಲಂತಸ್ತಿನ ಕೋಣೆಯಲ್ಲಿ ಶಬ್ದ ಬರುವ ಯಂತ್ರ ಇತ್ತು. ಒಂದು ಸಲ ಹಾಕು ಎಂದು ದೊಡ್ಡವಳಾದ ಮೇಲೂ ಕಾಡಿದೆ, ಕಣ್ಣೀರು ಹಾಕಿದೆ, ಮಾತು ಬಿಟ್ಟೆ. ಅವಳು ಜಗ್ಗಲಿಲ್ಲ. ಒಂದೇ ಪ್ರತಿ ಇರುವ ರೀಲನ್ನು ಯಂತ್ರದಲ್ಲಿ ಓಡಿಸಬಾರದು, ಅದು ಭಂಡಾರದ ನಿಯಮ. "ಒಂದ್ಸಲ ಓಡಿಸಿದ್ರೆ ಒಂದು ಗೀರು ಕಣೇ. ಕಂಪ್ಯೂಟರಿಗೆ ಕಾಪಿ ಆಗ್ಲಿ, ಸಾವಿರ ಸಲ ಕೇಳು" ಎನ್ನುತ್ತಿದ್ದಳು. ಕಾಪಿ ಆಗಲೆಂದು ಒಂಬತ್ತು ಸಲ ಅರ್ಜಿ ಕೊಟ್ಟಳು. ಒಂಬತ್ತು ಸಲವೂ ಮೇಲಿನವರು, ಮೂಲ ಸಿನಿಮಾ ಎಲ್ಲ ಕಡೆ ಸಿಗುತ್ತದೆ, ಡಬ್ಬಿಂಗ್ ಪ್ರತಿ ಯಾರಿಗೆ ಬೇಕು ಎಂದು ಪಟ್ಟಿಯ ಕೊನೆಗೆ ತಳ್ಳಿದರು. ಅದು ನನ್ನಕ್ಕ ಎಂದು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತೋ. ಹೇಳಲಿಲ್ಲ. ಮನೆ ವಿಷಯ ಆಫೀಸಿಗೆ ತರಬಾರದು ಎನ್ನುವುದು ಅವಳ ಇನ್ನೊಂದು ನಿಯಮ. ನಿಯಮಗಳಿಗೆ ನಮ್ಮ ಮನೆಯಲ್ಲಿ ಎಂದೂ ಬರ ಇರಲಿಲ್ಲ.

ಹೋದ ವರ್ಷ ಭಂಡಾರಕ್ಕೆ ಹೊಸ ನಿರ್ದೇಶಕಿ ಬಂದರು. ಕಾದಂಬರಿಗೆ ನೂರು ತುಂಬಿತು, ಮೂರೂ ಸಿನಿಮಾ ಒಂದೇ ವಾರದಲ್ಲಿ ತೋರಿಸೋಣ, ಜನ ಪಕ್ಕಪಕ್ಕದಲ್ಲಿಟ್ಟು ನೋಡಲಿ ಎಂದರು. ಮಹಡಿ ಎರಡನ್ನು ನಮ್ಮ ಭಾಷೆಯ ಪ್ರತಿಯಿಂದಲೇ ತೋರಿಸೋಣ, ಎಲ್ಲೂ ಸಿಗದ ಪ್ರತಿ, ಮೊದಲು ಅದನ್ನು ಕಾಪಿ ಮಾಡಿಸಿ ಎಂದೂ ಅವರೇ ಹೇಳಿದರು. ಯಾರೂ ಕೇಳಿರಲಿಲ್ಲ, ತಾನಾಗಿ ಬಂದ ಮಾತು.

ಅವತ್ತು ಚಿಕ್ಕಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಬಂದವಳು ಸ್ವೆಟರನ್ನೂ ತೆಗೆಯದೆ ಅಡುಗೆಮನೆಯಲ್ಲಿ ನಿಂತು, "ಮೂವತ್ತನಾಲ್ಕು ವರ್ಷ ಕಾದೆಯಲ್ಲ, ಇನ್ನು ಹದಿನೈದು ದಿನ ಕಾಯಿ" ಎಂದಳು. ಇಷ್ಟು ವರ್ಷ ಕೋಪದಲ್ಲೇ ಬದುಕಿದವಳು ನಾನು, ಕೋಪ ಇಲ್ಲದೆ ಹೇಗೆ ನಿಲ್ಲಬೇಕೆಂದೇ ಗೊತ್ತಾಗಲಿಲ್ಲ. ಕೇಳುವಾಗ ಒಬ್ಬಳೇ ಇರಬೇಕಾ, ಅವಳ ಜೊತೆ ಇರಬೇಕಾ ಎಂದು ಅಂಗಡಿಯಲ್ಲಿ ದಿನವಿಡೀ ಯೋಚಿಸಿದೆ. ಒಬ್ಬರಿಗೆ ತಪ್ಪು ನಂಬರು ಬರೆದುಕೊಟ್ಟು ಬೈಸಿಕೊಂಡೆ.

ಡಬ್ಬಿ ತೆರೆಯುವ ದಿನ ನಿರ್ದೇಶಕಿಯ ಅನುಮತಿ ಕೇಳಿ ಚಿಕ್ಕಮ್ಮ ನನ್ನನ್ನೂ ಕರೆದುಕೊಂಡು ಹೋದಳು. ಆಗಲೂ ಯಾಕೆಂದು ಹೇಳಿರಲಿಲ್ಲ, ಮಗಳಿಗೆ ನೋಡುವ ಆಸೆ ಎಂದಿದ್ದಳಷ್ಟೆ. ಕೋಣೆಯಲ್ಲಿ ನಾವಿಬ್ಬರು, ನಿರ್ದೇಶಕಿ, ಮತ್ತು ಕಾಪಿ ಮಾಡುವ ಯಂತ್ರದವನು. ಆರೂ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಉಳಿದ ಡಬ್ಬಿಗಳ ಹಾಗೆ ಅವು ಬರಿಯ ಮುಚ್ಚಳ ಹಾಕಿದವಲ್ಲ. ಸುತ್ತ ಮೂರು ಸುತ್ತು ಅಗಲದ ಟೇಪು, ಅದರ ಮೇಲೆ ಚಿಕ್ಕಮ್ಮನ ದುಂಡು ಅಕ್ಷರದಲ್ಲಿ, ತೆರೆಯಬಾರದು.

"ಇವಕ್ಕೆ ಯಾಕೆ ಟೇಪು ಸುತ್ತಿದೀರಿ?" ಎಂದು ಯಂತ್ರದವನು ಕೇಳಿದ.

"ಹನ್ನೆರಡು ವರ್ಷದ ಹಿಂದೆ ತಣ್ಣನೆ ಮೆಷಿನ್ನು ಕೆಟ್ಟು ಎರಡು ತಿಂಗಳು ತೇವ ಏರಿತ್ತು. ಒಳಗೆ ಹೋಗಬಾರದು ಅಂತ ಸುತ್ತಿದ್ದೆ" ಎಂದಳು ಚಿಕ್ಕಮ್ಮ.

ಅವನು ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಅವನು ನುಂಗಿದ ಮಾತು ನನಗೆ ಅರ್ಥವಾದದ್ದು ಆಮೇಲೆ. ತೇವ ಒಳಗೆ ಹೋಗದ ಹಾಗೆ ಮುಚ್ಚಿದರೆ ಹುಳಿ ಹೊರಗೂ ಹೋಗುವುದಿಲ್ಲ. ಡಬ್ಬಿ ಉಸಿರಾಡಬೇಕು. ಉಸಿರಾಡದಿದ್ದರೆ ಫಿಲ್ಮು ತನ್ನ ಹುಳಿಯಲ್ಲಿ ತಾನೇ ಬೇಯುತ್ತದೆ, ಹತ್ತು ಪಟ್ಟು ಬೇಗ. ಇದು ಆ ಕೆಲಸದ ಮೊದಲ ಪಾಠ. ಹೊಸದಾಗಿ ಸೇರಿದವರಿಗೆ ಆ ಪಾಠ ಹೇಳುತ್ತಿದ್ದವಳು ಚಿಕ್ಕಮ್ಮನೇ.

ಅವಳು ಬ್ಲೇಡಿನಿಂದ ಟೇಪು ಕತ್ತರಿಸಿದಳು. ಮುಚ್ಚಳದ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಹಾಗೆಯೇ ನಿಂತಳು. ಆಮೇಲೆ ತೆಗೆದಳು.

ಮೂಗು ಬೇಕಾಗಿರಲಿಲ್ಲ. ಕೋಣೆಯ ಆ ತುದಿಯಲ್ಲಿದ್ದ ನನ್ನ ಕಣ್ಣು ಉರಿಯಿತು. ನಿರ್ದೇಶಕಿ ಸೆರಗು ಮುಖಕ್ಕೆ ಹಿಡಿದು ಹಿಂದೆ ಸರಿದರು. ಡಬ್ಬಿಯೊಳಗೆ ರೀಲು ದುಂಡಗಿರಲಿಲ್ಲ, ಒಣಗಿದ ಎಲೆಯಂತೆ ಮುರುಟಿತ್ತು, ಮೇಲೆಲ್ಲ ಬಿಳಿ ಹುಡಿ. ಎರಡನೆಯ ಡಬ್ಬಿ ತೆರೆದಳು. ಮೂರನೆಯದು ಒಂದೇ ಗಟ್ಟಿ ಮುದ್ದೆ. ನಾಲ್ಕು, ಐದು, ಆರು. ಪ್ರತಿಯೊಂದನ್ನೂ ತೆರೆದು, ಬಗ್ಗಿ, ಎಂದಿನಂತೆ ಮೂಸಿದಳು. ಯಾಕೆ ಮೂಸಿದಳೋ. ಕೊನೆಗೆ ಡ್ರಾಯರಿನಿಂದ ಆರು ಚೀಟಿ ತೆಗೆದು, ಆರರ ಮೇಲೂ ನಾಲ್ಕು ಎಂದು ಬರೆದು ಸಹಿ ಹಾಕಿದಳು. ಅಕ್ಷರ ಎಂದಿನಂತೆ ದುಂಡಗೇ ಇತ್ತು.

ಯಂತ್ರದವನು ಒಳ್ಳೆಯ ಮನುಷ್ಯ. ಎರಡನೆಯ ರೀಲು ಪೂರ್ತಿ ಅಂಟಿಲ್ಲ, ನೋಡುತ್ತೇನೆ ಎಂದು ತೆಗೆದುಕೊಂಡು ಹೋಗಿ ಒಂಬತ್ತು ದಿನ ಒದ್ದಾಡಿದ. ಕುಗ್ಗುವಾಗ ಫಿಲ್ಮು ಮೊದಲು ಕುಗ್ಗುವುದು ಅಂಚಿನಲ್ಲಂತೆ. ಮಾತು ಇರುವುದೂ ಅಂಚಿನಲ್ಲೇ. ಹತ್ತನೆಯ ದಿನ ನಮ್ಮಿಬ್ಬರನ್ನು ಕರೆದು ಪರದೆಯ ಮೇಲೆ ನಲವತ್ತು ಸೆಕೆಂಡು ತೋರಿಸಿದ. ಹೆಂಗಸೊಬ್ಬಳು ನೀರಿನೊಳಗೆ ಇದ್ದಂತೆ ಅಲುಗುತ್ತ ಮೆಟ್ಟಿಲು ಹತ್ತುತ್ತಾಳೆ, ಬಾಯಿ ತೆರೆಯುತ್ತಾಳೆ. ಶಬ್ದ ಬರೀ ಗರಗರ, ಕಾಗದ ಹಿಸುಕಿದ ಹಾಗೆ. ನಡುವೆ ಒಂದು ಕಡೆ ಯಾರೋ "ಆ" ಎಂದು ಎಳೆದಂತೆ ಏನೋ ಕೇಳಿಸಿತು.

"ಅದು! ಅದಾ?" ಎಂದೆ.

ಅವನು ಮತ್ತೆ ಹಾಕಿದ, ಮತ್ತೊಮ್ಮೆ ಹಾಕಿದ. ಆಮೇಲೆ ಕಿವಿಯ ಹೆಡ್‌ಫೋನು ತೆಗೆದು, "ಅಲ್ಲ ಮೇಡಂ, ಅದು ಫಿಲ್ಮಿನ ಬಿರುಕು. ಹೌದು ಅನ್ನಬಹುದಿತ್ತು, ಆದ್ರೆ ಸುಳ್ಳಾಗತ್ತೆ" ಎಂದ. ನನಗೆ ಆ ಸುಳ್ಳು ಬೇಕಾಗಿತ್ತು. ಅವನನ್ನು ಈಗಲೂ ಪೂರ್ತಿ ಕ್ಷಮಿಸಿಲ್ಲ.

ಅವತ್ತು ಮನೆಗೆ ಬಂದು ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಚಪ್ಪಲಿ ಕೂಡ ಬಿಚ್ಚಿರಲಿಲ್ಲ. "ಊರಿನವರ ರೀಲಿಗೆಲ್ಲ ಮೂಗು ತೂರಿಸ್ತೀಯ, ಪ್ರತಿ ವರ್ಷ ಒಂದೊಂದು ಡಬ್ಬೀನೂ ಬಿಡದೆ ತೆಗೆದು ಮೂಸ್ತೀಯ. ಇದನ್ನ ಒಂದು ಸಲ ತೆಗೆಯಕ್ಕೆ ಏನಾಗಿತ್ತು ನಿಂಗೆ? ನಮ್ಮಮ್ಮನ್ನ ಡಬ್ಬೀಲಿ ಹಾಕಿ ಕೊಳೆಸಿಬಿಟ್ಟೆ ನೀನು!"

ಚಿಕ್ಕಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಬೇರೆಯವರ ಮನೆಗೆ ಬಂದವಳ ಹಾಗೆ.

"ತೇವ ಇಳಿದ ಮೇಲೆ ಟೇಪು ಬಿಚ್ಚೋಣ ಅಂತಿದ್ದೆ" ಎಂದಳು. "ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ಹೋಯ್ತು. ಆಮೇಲೆ ಭಯ ಆಗಕ್ಕೆ ಶುರುವಾಯ್ತು. ತೆಗೆದ್ರೆ ತಾನೆ ಗೊತ್ತಾಗೋದು, ತೆಗೀದೇ ಇದ್ರೆ ಚೆನ್ನಾಗೇ ಇರತ್ತಲ್ಲ ಅಂತ." ಸ್ವೆಟರಿನ ಗುಂಡಿ ಬಿಚ್ಚಿದಳು. "ನಾಲ್ಕು ವರ್ಷದ ಹಿಂದೆ ಒಂದ್ಸಲ ಆ ಸಾಲಿನ ಹತ್ರ ಬಗ್ಗಿದಾಗ ಏನೋ ವಾಸನೆ ಬಂತು. ಪಕ್ಕದ ಡಬ್ಬೀದು ಅಂದ್ಕೊಂಡೆ. ಪಕ್ಕದ ಡಬ್ಬಿ ತೆಗೆದು ಬೇರೆ ಕಡೆ ಇಟ್ಟೆ."

"ಪಕ್ಕದ್ದಕ್ಕೆ ರೋಗ ಇತ್ತಾ?"

"ಇರ್ಲಿಲ್ಲ."

ನಾನು ಇನ್ನೂ ಬಯ್ಯಬೇಕೆಂದು ನಿಂತಿದ್ದೆ, ಬೈಗುಳವೂ ಸಾಕಷ್ಟಿತ್ತು. ಆದರೆ ಎದುರಿಗೆ ಬೈಸಿಕೊಳ್ಳಲು ಯಾರೂ ಇದ್ದ ಹಾಗೆ ಕಾಣಲಿಲ್ಲ. ಒಂದು ಉಸಿರಿನಲ್ಲಿ ಎಲ್ಲ ಹೇಳಿಬಿಡುತ್ತಿದ್ದ ಮೂಗು ಆ ಆರು ಡಬ್ಬಿಗಳ ಮುಂದೆ ನಾಲ್ಕು ವರ್ಷ ಸುಳ್ಳು ಹೇಳಿಕೊಂಡು ಬದುಕಿತ್ತು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಅಕ್ಕಿ ತೊಳೆಯಲು ನಿಂತೆ. ಬೇರೆ ಏನು ಮಾಡಲು ಸಾಧ್ಯವಿತ್ತೋ ನನಗೆ ಇವತ್ತಿಗೂ ಹೊಳೆದಿಲ್ಲ.

ನಾಶಕ್ಕೆ ಕಳಿಸುವ ದಿನ ಚಿಕ್ಕಮ್ಮ ನಿರ್ದೇಶಕಿಯ ಕೋಣೆಗೆ ಹೋಗಿ ಮೊದಲ ಬಾರಿಗೆ ಮನೆ ವಿಷಯ ಹೇಳಿದಳಂತೆ. ಅದು ನನ್ನಕ್ಕನ ಧ್ವನಿ, ಒಂದು ಡಬ್ಬಿಯನ್ನಾದರೂ ಮನೆಗೆ ಒಯ್ಯಲೇ ಎಂದು ಕೇಳಿದಳಂತೆ. ಆ ಹೆಂಗಸು ಅತ್ತೇಬಿಟ್ಟರಂತೆ. ಅತ್ತು, ಇಲ್ಲ ಎಂದರು. ಸರ್ಕಾರದ ಸ್ವತ್ತು, ಅದಲ್ಲದೆ ವಿಷದ ಹುಳಿ, ಮನೆಯಲ್ಲಿ ಇಡುವಂತಿಲ್ಲ, ಪಟ್ಟಿಯಲ್ಲಿ ಆರು ಎಂದಿದ್ದರೆ ಪೀಪಾಯಿಯಲ್ಲಿ ಆರು ಇರಬೇಕು. ಆ ಪಟ್ಟಿಗೆ ಸಹಿ ಹಾಕಿದ್ದವಳೂ ಇವಳೇ. ಪೀಪಾಯಿಗೆ ಹಾಕುವ ಕೆಲಸವನ್ನು ಬೇರೆಯವರಿಗೆ ಬಿಡದೆ ತಾನೇ ಮಾಡಿದಳು. ಅಷ್ಟನ್ನು ಮಾತ್ರ ನನಗೆ ಹೇಳಿದಳು, ಇನ್ನೇನನ್ನೂ ಹೇಳಲಿಲ್ಲ.

ಮೂರು ಸಿನಿಮಾಗಳ ಆ ಉತ್ಸವ ನಿಲ್ಲಲಿಲ್ಲ. ಮಹಡಿ ಎರಡರ ಮೂಲ ಪ್ರತಿಯನ್ನು ಹೊರದೇಶದಿಂದ ತರಿಸಿದರು. ಅವರ ಭಾಷೆ, ಕೆಳಗೆ ನಮ್ಮ ಅಕ್ಷರ. ನಾನು ಬರುವುದಿಲ್ಲ ಎಂದಿದ್ದೆ. ಭಾನುವಾರ ಮಧ್ಯಾಹ್ನ ಚಿಕ್ಕಮ್ಮ ಒಬ್ಬಳೇ ಸೀರೆ ಉಟ್ಟು, ಅಭ್ಯಾಸ ಬಲದಿಂದ ಸ್ವೆಟರ್ ಕೈಗೆತ್ತಿಕೊಂಡು, ಬೇಡವೆಂದು ವಾಪಸ್ಸು ಇಟ್ಟು, ಮತ್ತೆ ಎತ್ತಿಕೊಳ್ಳುವುದನ್ನು ನೋಡಿ ನಾನೂ ಹೊರಟೆ.

ಥಿಯೇಟರಿನಲ್ಲಿ ಮುಕ್ಕಾಲು ಸೀಟು ತುಂಬಿತ್ತು. ಹುಡುಗ ಹುಡುಗಿಯರು ಕೆಂಪು ದೀಪ, ಹೊಗೆ ಕಂಡಾಗಲೆಲ್ಲ ನಗುತ್ತಿದ್ದರು. ನಗಲಿ, ನಗುವ ಹಾಗೆಯೇ ಇತ್ತು. ಸೊಸೆ ಮೊದಲ ಸಲ ಮೆಟ್ಟಿಲು ಹತ್ತಿ ಬಾಗಿಲ ಬಳಿ ನಿಂತು ಕರೆದಳು. ಯಾರದೋ ಧ್ವನಿ, ಯಾವುದೋ ಭಾಷೆ. ಕೆಳಗಿನ ಅಕ್ಷರ ಓದುವ ಮೊದಲೇ ಚಿಕ್ಕಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅತ್ತೆಮ್ಮಾ, ನಾನು. ಈ ಮನೆಗೆ ಹೊಸಬಳು."

ಅವಳು ಮುಂದುವರಿಸಿದಳು. ಪರದೆಯ ಮೇಲೆ ಸೊಸೆ ಬಾಯಿ ತೆರೆಯುವಾಗ ಇವಳೂ ತೆರೆಯುತ್ತಿದ್ದಳು, ಅವಳು ನಿಲ್ಲಿಸುವಾಗ ನಿಲ್ಲಿಸುತ್ತಿದ್ದಳು, ಒಂದು ಅಕ್ಷರ ಆಚೀಚೆ ಇಲ್ಲ. ಮೂವತ್ತೈದು ವರ್ಷದ ಹಿಂದೆ ಹನ್ನೊಂದು ಸಲ ನೋಡಿದ ಸಿನಿಮಾ. "ದೀಪ ಆರಿಸಬೇಡಿ ಅತ್ತೆಮ್ಮಾ." "ನಾನು ನಾಳೆನೂ ಬರ್ತೀನಿ." ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಕೇಳಿಸುತ್ತಿದ್ದದ್ದು ಚಿಕ್ಕಮ್ಮನ ದನಿ, ದಿನಾ ಬೆಳಿಗ್ಗೆ ಹಾಲು ಉಕ್ಕುತ್ತೆ ನೋಡೇ ಎನ್ನುವ ಅದೇ ಗೊಗ್ಗರು ದನಿ.

"ಅಮ್ಮ ಹೇಳಿದ ಹಾಗೆ ಹೇಳು" ಎಂದೆ. "ಅವಳ ದನಿ ಸಣ್ಣಕ್ಕಿತ್ತಾ, ದಪ್ಪಕ್ಕಿತ್ತಾ? ಹಾಗೆ ಹೇಳು."

ಅವಳು ಗಂಟಲು ಸರಿಮಾಡಿಕೊಂಡು ದನಿ ಸಣ್ಣದು ಮಾಡಿ, "ಅತ್ತೆಮ್ಮಾ" ಎಂದಳು. ತಲೆ ಅಲ್ಲಾಡಿಸಿದಳು. ಸ್ವಲ್ಪ ಎಳೆದು ಹೇಳಿದಳು. ಮತ್ತೆ ತಲೆ ಅಲ್ಲಾಡಿಸಿದಳು. ಮೂರನೆಯ ಸಲ ಹೇಳಿದಾಗ ಮುಂದಿನ ಸಾಲಿನವನೊಬ್ಬ ತಿರುಗಿ ಶ್ ಎಂದ. ಅವಳು ಬಾಯಿ ಮುಚ್ಚಿ ಕೂತಳು. ಪರದೆಯ ಕೆಂಪು ಬೆಳಕಿನಲ್ಲಿ ಅವಳ ಮುಖ ಕಂಡು ನನಗೆ ಕೇಳಬಾರದಿತ್ತು ಅನ್ನಿಸಿತು. ಅವಳು ನನ್ನ ಕೈ ಹಿಡಿದುಕೊಂಡಳು.

"ಮಾತೆಲ್ಲ ಬಾಯಿಪಾಠ ಇದೆ ಕಣೇ" ಎಂದಳು. "ಧ್ವನಿ ಬರ್ತಾ ಇಲ್ಲ. ಡಬ್ಬೀಲಿ ಇದೆಯಲ್ಲ ಅಂತ ನಾನು ನೆನಪಿಟ್ಟುಕೊಳ್ಳಲೇ ಇಲ್ಲ."

ಪರದೆಯ ಮೇಲೆ ಸೊಸೆ ಬಾಗಿಲು ಬಡಿಯುತ್ತಿದ್ದಳು. ಸಿನಿಮಾ ಇನ್ನೂ ಐವತ್ತು ನಿಮಿಷ ಬಾಕಿ ಇತ್ತು.